‘ನಿಶ್ಚಯ’ ಎಂಬ ಅತಿಮಾತು

ಧಾರವಾಡದ ಕಡೆ ನಿಶ್ಚಯವೆಂದರೆ ಮೊದಲು ನೆನಪಾಗುವುದು ಲಗ್ನದ ಮಾತು. ಹಿರಿಯರು ಕೂತು, ಎಲೆ-ಅಡಿಕೆ ಹಿಡಿದು ಮುಗಿಸಿದ ಮಾತನ್ನು ತಿರುಗಿಸಲು ಬರುವುದಿಲ್ಲ. 2008ರಲ್ಲಿ ಕೇಂದ್ರ ಸರ್ಕಾರ ಗರ್ಭಪತ್ತೆಯ ಮೂತ್ರ ಪರೀಕ್ಷೆಯ ಕಿಟ್ಟನ್ನು ಹಳ್ಳಿಗಳಿಗೆ ಕಳಿಸಿದಾಗ ಇಟ್ಟ ಹೆಸರೂ ಅದೇ: ‘ನಿಶ್ಚಯ’. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕಬ್ಬಿಣದ ಗುಳಿಗೆಯ ಪಕ್ಕ ಕೂತ ಈ ಕಿಟ್ಟು ನವಲಗುಂದ, ಕುಂದಗೋಳದ ಹಳ್ಳಿಗಳ ಬಾಯಲ್ಲಿ ಬರೀ ‘ಕಾರ್ಡ್ ಟೆಸ್ಟ್’. ಜನ ಇಟ್ಟ ಹೆಸರೇ ಹೆಚ್ಚು ಪ್ರಾಮಾಣಿಕ.

ಕಾರ್ಡಿನ ಗುಣಗಾನ ಸಾಕಷ್ಟಾಗಿದೆ. ಬೇಗ ನೋಂದಣಿ, ಬೇಗ ತಾಯಿ ಕಾರ್ಡ್, ಅತ್ತೆಗಿಂತ ಮೊದಲು ಸೊಸೆಗೇ ಗೊತ್ತಾಗುವ ಗುಟ್ಟು. ಎಲ್ಲವೂ ನಿಜ. 1920ರ ದಶಕದಲ್ಲಿ ಬರ್ಲಿನ್ನಿನ ಆಷ್‌ಹೈಮ್ ಮತ್ತು ಝೋಂಡೆಕ್ ಬಸುರಿಯ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನ ಕಾದು, ಕೊಯ್ದು ನೋಡಬೇಕಾಗಿತ್ತು. ಈಗ ಪಡಸಾಲೆಯಲ್ಲೇ ಐದು ನಿಮಿಷದ ಕೆಲಸ. ತಕರಾರು ಇರುವುದು ಕಾರ್ಡಿನ ಮೇಲಲ್ಲ, ಅದನ್ನು ಓದುವ ರೀತಿಯ ಮೇಲೆ.

ಕಾರ್ಡಿನಲ್ಲಿ ಇರುವುದು ಎರಡೇ ಅಕ್ಷರ: ‘ಸಿ’ ಮತ್ತು ‘ಟಿ’. ಡ್ರಾಪರಿನಿಂದ ಎರಡು-ಮೂರು ಹನಿ ಬಿಟ್ಟರೆ ಮೂತ್ರ ಕಾಗದದಂಥ ಪಟ್ಟಿಯ ಮೇಲೆ ಹರಿಯುತ್ತದೆ. ಬಣ್ಣದ ಕಣ ಕಟ್ಟಿದ ಪ್ರತಿಕಾಯಗಳನ್ನೂ ದಾರಿಯಲ್ಲಿ ಎತ್ತಿಕೊಂಡು ಹೋಗುತ್ತದೆ. ಎಚ್‌ಸಿಜಿ ಎಂಬ ಪೆಪ್ಟೈಡ್ ಹಾರ್ಮೋನು ಅದರಲ್ಲಿದ್ದರೆ ‘ಟಿ’ ಗೆರೆಯ ಬಳಿ ಸಿಕ್ಕಿಬೀಳುತ್ತದೆ, ಬಣ್ಣ ಮೂಡುತ್ತದೆ. ‘ಸಿ’ ಹೇಳುವುದು ಹನಿ ಸರಿಯಾಗಿ ಹರಿಯಿತು, ಕಾರ್ಡು ಕೆಟ್ಟಿಲ್ಲ ಎಂದಷ್ಟೆ. ಹೆಂಗಸಿನ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಆದರೆ ಓದು ಹೇಗೆ ನಡೆಯುತ್ತದೆ? “ಒಂದ ಗೆರಿ ಬಂದೈತಿ, ಏನಿಲ್ಲ ಬಿಡವಾ.” ಇಲ್ಲಿ ‘ಸಿ’ ಗೆರೆಯೇ ‘ಇಲ್ಲ’ ಎಂಬ ಉತ್ತರವಾಗಿಬಿಟ್ಟಿದೆ. ಇಂಥ ಕಿಟ್ಟುಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 25 ಮಿಲಿ ಯೂನಿಟ್ ಇದ್ದರೆ ಮಾತ್ರ ಬಾಯಿ ಬಿಡುತ್ತವೆ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟುವುದೇ ಅಂಡ ಬಿಡುಗಡೆಯಾದ 6ರಿಂದ 12 ದಿನಗಳಲ್ಲಿ. ಆಮೇಲೆ ಹಾರ್ಮೋನು ಸುಮಾರು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಏರುತ್ತದೆ. ಸೋಮವಾರದ ‘ಇಲ್ಲ’ ಶನಿವಾರಕ್ಕೆ ‘ಹೌದು’ ಆಗುವುದು ಕಾರ್ಡಿನ ತಪ್ಪಲ್ಲ. ಅದರ ವ್ಯಾಕರಣದಲ್ಲಿ ‘ಇಲ್ಲ’ ಎಂಬ ಪದವೇ ಇಲ್ಲ, ‘ಇನ್ನೂ ಕಾಣಲಿಲ್ಲ’ ಎಂಬುದಷ್ಟೇ ಇದೆ.

ಎರಡು ಗೆರೆಯ ‘ಹೌದು’ ಕೂಡ ಅಷ್ಟೇ ಅರೆಬರೆ. ಗರ್ಭ ನಳಿಕೆಯಲ್ಲಿ ಸಿಕ್ಕಿಕೊಂಡರೂ ಎರಡು ಗೆರೆ, ಗರ್ಭಕೋಶದಲ್ಲಿ ನೆಟ್ಟಗೆ ಕೂತರೂ ಎರಡು ಗೆರೆ. ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭದಲ್ಲಿ ಹಾರ್ಮೋನು ಮಿತಿಮೀರಿ, ಪ್ರತಿಕಾಯಗಳೇ ಮುಳುಗಿಹೋಗಿ, ಕೆಲವೊಮ್ಮೆ ‘ಟಿ’ ಗೆರೆ ಮೂಡದೆಯೂ ಹೋಗಬಹುದು.

ಕಾರ್ಡು ಹಿಡಿಯುವ ಈ ಹಾರ್ಮೋನಿಗೆ ಎರಡು ಸರಪಳಿ. 92 ಅಮೈನೋ ಆಮ್ಲಗಳ ಆಲ್ಫಾ ಸರಪಳಿ ಪಿಟ್ಯುಟರಿಯ ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್‌ಗಳಲ್ಲೂ ಇರುವುದೇ. 145 ಅಮೈನೋ ಆಮ್ಲಗಳ ಬೀಟಾದಲ್ಲಿ ಇದರ ಗುರುತಿದೆ. 1972ರಲ್ಲಿ ವೈಟುಕೈಟಿಸ್, ಬ್ರೌನ್‌ಸ್ಟೈನ್ ಮತ್ತು ರಾಸ್ ಬೀಟಾವನ್ನೇ ಗುರಿಯಾಗಿಸಿದ ಪರೀಕ್ಷೆ ರೂಪಿಸಿದ ಮೇಲೆ ಎಲ್‌ಎಚ್ ಜೊತೆಗಿನ ಗೊಂದಲ ಕಳೆಯಿತು. ಅಂಡ ಹೊರಬಿದ್ದ ಜಾಗದಲ್ಲಿ ಉಳಿಯುವ ಹಳದಿ ಗಂಟು, ಕಾರ್ಪಸ್ ಲೂಟಿಯಂ, ಸುಮಾರು 14 ದಿನಕ್ಕೆ ಬಾಡುತ್ತದೆ. ಅದು ಬಾಡದಂತೆ ಕಾಯುವುದೇ ಎಚ್‌ಸಿಜಿ. ಆ ಗಂಟು ಪ್ರೊಜೆಸ್ಟಿರಾನ್ ಸುರಿಸುತ್ತಿದ್ದರೆ ಮುಟ್ಟು ನಿಲ್ಲುತ್ತದೆ, ಗರ್ಭ ನಿಲ್ಲುತ್ತದೆ.

ಇಲ್ಲಿಂದ ಜಗಳ ಇನ್ನೊಂದು ಪಂಗಡದ ಜೊತೆ. ಕಾರ್ಡಿಗೆ ಎರಡು ಗೆರೆ ಬಂದು, ನಾಲ್ಕು ದಿನಕ್ಕೆ ರಕ್ತ ಕಂಡರೆ, ‘ಗರ್ಭ ನಿಲ್ಲೋ ಇಂಜೆಕ್ಷನ್’ ಎಂದು ಎಚ್‌ಸಿಜಿಯನ್ನೇ ಚುಚ್ಚುವ ರೂಢಿಯನ್ನು ಸಮರ್ಥಿಸುವವರು ಇವರು. ಅವರ ತರ್ಕ ಸರಳ: ಹಾರ್ಮೋನು ಕಡಿಮೆ, ಹಾಗಾಗಿ ತುಂಬಿಸೋಣ. ಬೆಳೆ ಒಣಗುತ್ತಿದೆ, ನೀರು ಬಿಡೋಣ ಎಂಬಂತೆ. ಬೇರು ಕೊಳೆತ ಗಿಡಕ್ಕೆ ನೀರು ಬಿಟ್ಟು ಏನು ಸಿಗುತ್ತದೆ ಎಂಬುದು ಎರೆಹೊಲದವರಿಗೆ ಗೊತ್ತು. ಭ್ರೂಣ ಸೊರಗಿದ್ದರಿಂದ ಹಾರ್ಮೋನು ಇಳಿಯುವುದೇ ಹೆಚ್ಚು, ಹಾರ್ಮೋನು ಇಳಿದಿದ್ದರಿಂದ ಭ್ರೂಣ ಸೊರಗುವುದಲ್ಲ. ಹಂಗೇರಿ ಮೂಲದ ಆರ್ಪಾದ್ ಚಾಪೋ 1970ರ ದಶಕದಲ್ಲಿ ತೋರಿಸಿದ್ದನ್ನೂ ಇವರು ಮರೆಯುತ್ತಾರೆ: ಏಳು ವಾರದೊಳಗೆ ಹಳದಿ ಗಂಟನ್ನು ತೆಗೆದರೆ ಗರ್ಭ ಹೋಗುತ್ತದೆ, ಒಂಬತ್ತು ದಾಟಿದ ಮೇಲೆ ಮಾಸು ತಾನೇ ಪ್ರೊಜೆಸ್ಟಿರಾನ್ ಹೊಣೆ ಹೊರುತ್ತದೆ. ಹತ್ತನೇ ವಾರದಲ್ಲಿ ಗಂಟನ್ನು ಎಬ್ಬಿಸಲು ಚುಚ್ಚುವ ಸೂಜಿ ಯಾರನ್ನು ಎಬ್ಬಿಸುತ್ತದೆ? 2010ರ ಕಾಕ್ರೇನ್ ಪರಾಮರ್ಶೆ ಮೂರು ಪ್ರಯೋಗಗಳ 312 ಮಹಿಳೆಯರ ಲೆಕ್ಕ ತೆಗೆದು ನೋಡಿತು. ಈ ಇಂಜೆಕ್ಷನ್ನಿನಿಂದ ಗರ್ಭ ಉಳಿಯುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. “ಕೊಟ್ಟರ ತಪ್ಪೇನ್ರಿ, ಧೈರ್ಯ ಬರ್ತದ” ಎನ್ನುವವರಿಗೂ ಒಂದು ಉತ್ತರವಿದೆ. ಚುಚ್ಚಿದ ಎಚ್‌ಸಿಜಿ ವಾರ-ಹತ್ತು ದಿನ ಮೂತ್ರದಲ್ಲಿ ಉಳಿದು, ಅದೇ ಕಾರ್ಡಿನ ಮೇಲೆ ತಾನೇ ಎರಡನೇ ಗೆರೆ ಎಳೆಯಬಲ್ಲದು. ಔಷಧಿ ಬರೆದ ಗೆರೆಯನ್ನು ಭ್ರೂಣದ ಸಹಿ ಎಂದು ಓದುವ ಧೈರ್ಯ ಯಾವ ಬಗೆಯದು?

ಈ ಹಾರ್ಮೋನಿನ ಆಳ್ವಿಕೆ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಎಂಟರಿಂದ ಹತ್ತನೇ ವಾರಕ್ಕೆ ಶಿಖರ ಮುಟ್ಟಿ ಅದು ಇಳಿಯತೊಡಗುತ್ತದೆ. ಐದನೆಯ ಅಥವಾ ಏಳನೆಯ ತಿಂಗಳ ಕುಬಸದಲ್ಲಿ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಊರು ಕರೆಯುವ ಹೊತ್ತಿಗೆ ಎಚ್‌ಸಿಜಿಯ ದೊಡ್ಡ ಕೆಲಸ ಮುಗಿದುಹೋಗಿರುತ್ತದೆ. ಸೀಗಿ ಹುಣ್ಣಿಮೆಗೆ ಭೂಮಿತಾಯಿಗೂ ಬಯಕೆ ಮಾಡಿ ಚರಗ ಚೆಲ್ಲುವ ಸೀಮೆಯಿದು, ಆದರೂ ಆ ಮೊದಲ ಎಂಟು ವಾರಕ್ಕೆ ಇಲ್ಲಿ ಶಾಸ್ತ್ರವೂ ಇಲ್ಲ, ಹಾಡೂ ಇಲ್ಲ. ಆ ಖಾಲಿ ಜಾಗಕ್ಕೆ ಬಂದಿರುವುದು ಕಾರ್ಡೊಂದೇ. ಅದರ ಮೇಲೆ ಇಷ್ಟು ಭಾರ ಬಿದ್ದಿರುವುದಕ್ಕೂ ಬಹುಶಃ ಇದೇ ಕಾರಣ.

ಗರ್ಭ ಹೋದ ಮೇಲೂ ಕಾರ್ಡು ಎರಡು ಗೆರೆ ತೋರಿಸುತ್ತಲೇ ಇರಬಹುದು. ರಕ್ತದಿಂದ ಹಾರ್ಮೋನು ಪೂರ್ತಿ ಖಾಲಿಯಾಗಲು ಕೆಲವು ವಾರ ಬೇಕು. ಹೊಟ್ಟೆಯಲ್ಲಿ ಏನು ನಡೆದಿದೆ ಎಂದು ತಿಳಿಯಲು ಸ್ಕ್ಯಾನ್ ಬೇಕು, ಇಲ್ಲವೇ 48 ಗಂಟೆ ಬಿಟ್ಟು ಎರಡು ಸಲ ರಕ್ತ ಕೊಟ್ಟು ಅಂಕಿ ಏರಿತೋ ಇಳಿಯಿತೋ ನೋಡಬೇಕು. ಕಲಘಟಗಿಯಿಂದ ಹುಬ್ಬಳ್ಳಿಗೆ ಸುಮಾರು 30 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ದುಡ್ಡಿಲ್ಲ. ಎರಡು ದಿನದ ಕೂಲಿ ಮಾತ್ರ ಹೋಗುತ್ತದೆ.