ಅವರಿಬ್ಬರನ್ನು ಸೇರಿಸಬಾರದಿತ್ತೆ?

ಕಾವ್ಯಮೀಮಾಂಸೆಯ ತರಗತಿಯಲ್ಲಿ ಒಂದು ದಿನ ವಿಪ್ರಲಂಭ ಶೃಂಗಾರಕ್ಕೆ ಉದಾಹರಣೆ ಕೊಡಿರೆಂದು ಕೇಳಿದೆ. ಮೇಘದೂತದ ಯಕ್ಷ ಬಂದ, ಶಕುಂತಲೆ ಬಂದಳು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು "ಹೌಸ್ ಮತ್ತು ಕಡ್ಡಿ, ಸಾರ್" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆಕೆ ಹೇಳಿದ್ದು ಅಮೆರಿಕದ ಟೆಲಿವಿಷನ್ನಿನ ಒಂದು ವೈದ್ಯಕೀಯ ಧಾರಾವಾಹಿಯ ನಾಯಕ ನಾಯಿಕೆಯರ ಹೆಸರು. ಅದು ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಅವರಿಬ್ಬರನ್ನು ಅಗಲಿಸಿದ್ದು ಅನ್ಯಾಯವೆಂಬ ಕೋಪ ಆಕೆಗೆ ಇನ್ನೂ ಆರಿಲ್ಲ. ಏನಿದ್ದೀತೆಂಬ ಕುತೂಹಲದಿಂದ ರಜೆಯಲ್ಲಿ ನೋಡತೊಡಗಿದ ನಾನು 177 ಕಂತುಗಳನ್ನೂ ನೋಡಿ ಮುಗಿಸಿದೆ. ಅಂದು ನಕ್ಕದ್ದು ಅವಸರವಾಯಿತೆಂದು ಈಗ ತೋರುತ್ತಿದೆ.

ಕಥೆಯ ಇಬ್ಬರು ಪಾತ್ರಗಳು ಕೂಡಲೇಬೇಕೆಂದು ಪಟ್ಟುಹಿಡಿಯುವ ಇಂಥ ಪ್ರೇಕ್ಷಕರಿಗೆ ಇಂಗ್ಲಿಷಿನಲ್ಲಿ 'ಶಿಪ್ಪರ್' ಎಂದು ಹೆಸರು. ಹಡಗಿಗೂ ಇದಕ್ಕೂ ನಂಟಿಲ್ಲ. 'ರಿಲೇಶನ್‌ಶಿಪ್' ಎಂಬ ಮಾತಿನ ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಂಡದ್ದು. 1990ರ ದಶಕದಲ್ಲಿ 'ದಿ ಎಕ್ಸ್-ಫೈಲ್ಸ್' ಎಂಬ ಧಾರಾವಾಹಿಯ ಅಭಿಮಾನಿಗಳಲ್ಲಿ ಹುಟ್ಟಿದ ಮಾತು ಇದು. ಜೋಡಿಯ ಹೆಸರುಗಳಿಗೆ ಸಂಧಿ ಮಾಡುವುದೂ ಇವರ ಪದ್ಧತಿ. ಹೌಸ್, ಕಡ್ಡಿ ಕೂಡಿ 'ಹಡ್ಡಿ'. ಕಿರಿಯ ವೈದ್ಯೆ ಕ್ಯಾಮರನ್ ಜೊತೆ ಕೂಡಿದರೆ 'ಹ್ಯಾಮರನ್'. ಗೆಳೆಯ ವಿಲ್ಸನ್ ಜೊತೆ 'ಹಿಲ್ಸನ್'. ಈ ಸಂಧಿಗಳಿಗೆ ಕೇಶಿರಾಜನಲ್ಲಿ ಸೂತ್ರ ಸಿಕ್ಕಲಾರದು. ಆದರೆ ಒಂದೊಂದು ಸಂಧಿಯ ಹಿಂದೆಯೂ ಒಂದೊಂದು ಪಕ್ಷ, ಪಕ್ಷಪಕ್ಷಗಳ ನಡುವೆ ವಾದ. ಯಾವ ಕಂತಿನಲ್ಲಿ ಯಾರು ಯಾರ ಮುಖವನ್ನು ಹೇಗೆ ನೋಡಿದರೆಂಬುದಕ್ಕೆ ಅವರಲ್ಲಿ ಲೆಕ್ಕವಿರುತ್ತದೆ. ವಿದ್ಯಾವಂತರು ಇದನ್ನು ಕೆಲಸವಿಲ್ಲದವರ ಹುಡುಗಾಟವೆಂದು ತಳ್ಳಿಹಾಕುವುದು ವಾಡಿಕೆ.

ಈ ಹುಡುಗಾಟ ಇಂದಿನದಲ್ಲ. 1681ರಲ್ಲಿ ನಹೂಮ್ ಟೇಟ್ ಎಂಬ ಕವಿ ಷೇಕ್ಸ್‌ಪಿಯರನ 'ಲಿಯರ್' ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ ಎಡ್ಗರನಿಗೆ ಮದುವೆ ಮಾಡಿಕೊಟ್ಟ. ಇಂಗ್ಲೆಂಡಿನ ರಂಗಭೂಮಿ ಸುಮಾರು ಒಂದೂವರೆ ಶತಮಾನ ಆ ತಿದ್ದಿದ ನಾಟಕವನ್ನೇ ಆಡಿತು. 1861ರಲ್ಲಿ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಮುಗಿಸಿದ ಡಿಕನ್ಸ್, ಸ್ನೇಹಿತ ಬುಲ್ವರ್ ಲಿಟನ್ನನ ಮಾತು ಕೇಳಿ, ಅಗಲಿದ್ದ ಪಿಪ್ ಮತ್ತು ಎಸ್ಟೆಲ್ಲಾ ಮತ್ತೆ ಕೂಡಬಹುದೆಂಬ ಆಸೆ ಉಳಿಯುವಂತೆ ಕೊನೆಯನ್ನು ಬದಲಿಸಿದ. ಅಷ್ಟು ದೂರವೇಕೆ, ನಮ್ಮ ಭವಭೂತಿಯೇ ಈ ಪಕ್ಷದವನು. ವಾಲ್ಮೀಕಿಯಲ್ಲಿ ಭೂಮಿಯೊಳಗೆ ಮರೆಯಾದ ಸೀತೆಯನ್ನು ಅವನು ಉತ್ತರರಾಮಚರಿತದ ಏಳನೆಯ ಅಂಕದಲ್ಲಿ ರಾಮನಿಗೆ ತಿರುಗಿ ಒಪ್ಪಿಸಿದ. ಆದ್ದರಿಂದ "ಅವರಿಬ್ಬರನ್ನು ಸೇರಿಸಬಾರದಿತ್ತೆ?" ಎಂಬ ಪ್ರಶ್ನೆಯನ್ನು ಕಂಡು ನಗುವ ಮೊದಲು, ಅದನ್ನು ಕೇಳುವವರು ನಿಜವಾಗಿ ಬಯಸುವುದೇನೆಂದು ವಿಚಾರಿಸುವುದು ವಿಮರ್ಶಕನ ಕರ್ತವ್ಯ.

'ಹೌಸ್' ಧಾರಾವಾಹಿ ಫಾಕ್ಸ್ ಸಂಸ್ಥೆಯಲ್ಲಿ 2004ರ ನವೆಂಬರಿನಿಂದ 2012ರ ಮೇ ತಿಂಗಳವರೆಗೆ, ಎಂಟು ಸರಣಿಗಳಲ್ಲಿ ನಡೆಯಿತು. ಸೃಷ್ಟಿಸಿದವನು ಡೇವಿಡ್ ಶೋರ್; ನಾಯಕನ ಪಾತ್ರ ವಹಿಸಿದವನು ಇಂಗ್ಲಿಷ್ ನಟ ಹ್ಯೂ ಲಾರಿ. ನ್ಯೂ ಜೆರ್ಸಿಯ ಒಂದು ಕಲ್ಪಿತ ಆಸ್ಪತ್ರೆಯಲ್ಲಿ ಯಾರಿಗೂ ಬಗೆಹರಿಯದ ರೋಗಗಳ ಮೂಲವನ್ನು ಕಂಡುಹಿಡಿಯುವ ಗ್ರೆಗರಿ ಹೌಸ್ ಷರ್ಲಾಕ್ ಹೋಮ್ಸನ ಪಡಿಯಚ್ಚು. ಹೋಮ್ಸನಿಗೆ ಅಪರಾಧ ಹೇಗೋ ಇವನಿಗೆ ರೋಗ ಹಾಗೆ. ಹೋಮ್ಸನಿಗೆ ವಾಟ್ಸನ್ ಇದ್ದಂತೆ ಇವನಿಗೆ ವಿಲ್ಸನ್. ತೊಡೆಯ ಸ್ನಾಯುವಿಗೆ ರಕ್ತ ನಿಂತು ಕಾಲು ಊನವಾಗಿ, ಬಿಡದ ನೋವಿಗಾಗಿ ವಿಕೊಡಿನ್ ಎಂಬ ಮಾತ್ರೆ ನುಂಗುತ್ತ ಅದರ ದಾಸನಾದವನು. ಮಾತು ಚೂರಿ, ನಡತೆ ಒರಟು. ಈತನನ್ನು ಕೆಲಸದಲ್ಲಿ ಇಟ್ಟುಕೊಂಡು, ಬೈದು, ಕಾಪಾಡುವವಳು ಆಸ್ಪತ್ರೆಯ ಡೀನ್ ಲೀಸಾ ಕಡ್ಡಿ. ಈ ಪಾತ್ರ ಲೀಸಾ ಎಡೆಲ್‌ಸ್ಟೀನಳದು. ಹೆಸರು ಕೇಳಿ ಕನ್ನಡಿಗರು ನಗಬಾರದು. ಊರುಗೋಲಿನವನ ಬಾಳಿಗೆ ಇನ್ನೊಂದು ಆಸರೆ ಅವಳೇ.

ಇವರು ಕೂಡಬೇಕೆಂಬ ಆಸೆ ಪ್ರೇಕ್ಷಕರ ತಲೆಯಲ್ಲಿ ತಾನಾಗಿ ಹುಟ್ಟಿದ್ದೇ? ಅಲ್ಲ, ಅದನ್ನು ಬಿತ್ತಿದವರು ಬರೆದವರೇ. ಇಬ್ಬರೂ ಮಿಷಿಗನ್ ವಿಶ್ವವಿದ್ಯಾಲಯದ ದಿನಗಳಿಂದ ಪರಿಚಿತರು. ಅವನ ಕಾಲಿನ ವಿಷಯದಲ್ಲಿ, ಕತ್ತರಿಸುವುದೂ ಬೇಡ, ಬಿಡುವುದೂ ಬೇಡ, ಸತ್ತ ಸ್ನಾಯುವನ್ನಷ್ಟೇ ತೆಗೆಯೋಣವೆಂಬ ನಡುದಾರಿಯನ್ನು ಸೂಚಿಸಿದವಳು ಅವಳೇ ಎಂಬುದು ಮೊದಲ ಸರಣಿಯಲ್ಲೇ ತಿಳಿಯುತ್ತದೆ. ಅಂದರೆ ಅವನ ಪ್ರತಿದಿನದ ನೋವಿನಲ್ಲಿ ಅವಳ ಕೈಯಿದೆ. ಐದನೆಯ ಸರಣಿಯಲ್ಲಿ ದತ್ತು ಪಡೆಯಬೇಕೆಂದಿದ್ದ ಮಗು ಕೈತಪ್ಪಿದ ರಾತ್ರಿ ಅವನು ಅವಳ ಮನೆಗೆ ಬರುತ್ತಾನೆ. ಸಮಾಧಾನ ಹೇಳಲು ಬಾರದೆ ಮುತ್ತಿಡುತ್ತಾನೆ. ಮುಂದೆ ಅವಳ ಆಫೀಸನ್ನು ಹೊಸದಾಗಿ ಕಟ್ಟುವಾಗ, ವಿದ್ಯಾರ್ಥಿನಿಯಾಗಿದ್ದಾಗಿನ ಅವಳ ಹಳೆಯ ಮೇಜನ್ನು ಗುಟ್ಟಾಗಿ ತರಿಸಿ ಇಡುತ್ತಾನೆ. ಬಾಯಲ್ಲಿ ಒಂದು ಮೃದು ಮಾತು ಬಾರದವನ ಪ್ರೀತಿಗೆ ಆ ಮೇಜೊಂದೇ ಸಾಕ್ಷಿ. ಆಲಂಕಾರಿಕರು ಅನುಭಾವವೆಂದು ಕರೆದದ್ದು ಇದನ್ನೇ ಅಲ್ಲವೆ? ನೋಟಗಳ ಲೆಕ್ಕ ಇಡುವ ಪ್ರೇಕ್ಷಕ ಮಾಡುವುದು ಅನುಭಾವದಿಂದ ಸ್ಥಾಯಿಯನ್ನು ಊಹಿಸುವ ಕೆಲಸ. ಅವನನ್ನು ಸಹೃದಯನ ಪಂಕ್ತಿಯಿಂದ ಎಬ್ಬಿಸುವ ಅಧಿಕಾರ ನಮಗಿಲ್ಲ.

ಬಿತ್ತಿದ್ದು ಮಾತ್ರವಲ್ಲ, ಆಟವನ್ನೂ ಆಡಿದರು. 2009ರ ಮೇ ತಿಂಗಳ ಒಂದು ಕಂತಿನಲ್ಲಿ ಮಾತ್ರೆಯ ಚಟ ಬಿಡಿಸಲು ಕಡ್ಡಿ ರಾತ್ರಿಯಿಡೀ ಅವನ ಬಳಿ ಇರುತ್ತಾಳೆ, ಇಬ್ಬರೂ ಒಂದಾಗುತ್ತಾರೆ. ಮುಂದಿನ ಕಂತಿನಲ್ಲಿ ಅದೆಲ್ಲ ಭ್ರಮೆಯೆಂದು ಬಯಲಾಗುತ್ತದೆ. ಅವಳು ಮರೆತುಹೋದ ಲಿಪ್‌ಸ್ಟಿಕ್ಕೆಂದು ಅವನು ಕೈಯಲ್ಲಿ ತಿರುಗಿಸುತ್ತಿದ್ದದ್ದು ಮಾತ್ರೆಯ ಶೀಶೆ. ಪ್ರೇಕ್ಷಕರ ಆಸೆಯನ್ನೇ ರೋಗಿಯ ಭ್ರಮೆಯನ್ನಾಗಿ ಮಾಡಿದ ಈ ಕೌಶಲವನ್ನು ಮೆಚ್ಚಲೇಬೇಕು. ಅದರಲ್ಲಿ ಸ್ವಲ್ಪ ಕ್ರೌರ್ಯವೂ ಇದೆ. ಒಂದು ವರ್ಷದ ಬಳಿಕ, 2010ರ ಮೇ 17ರ ಕಂತಿನಲ್ಲಿ, ನಿಜವಾದ ಕೂಟ. ಕುಸಿದ ಕಟ್ಟಡದಡಿ ಸಿಕ್ಕಿಬಿದ್ದ ಒಬ್ಬ ಹೆಂಗಸಿಗೆ, ತಾನು ಒಪ್ಪದಿದ್ದ ಅಂಗಚ್ಛೇದವನ್ನು ಒಪ್ಪೆಂದು ಹೇಳಿ, ಹೌಸ್ ತನ್ನ ಕೈಯಾರೆ ಅವಳ ಕಾಲನ್ನು ತೆಗೆಯುತ್ತಾನೆ. ಆದರೂ ಅವಳು ಬದುಕುವುದಿಲ್ಲ. ಮನೆಗೆ ಬಂದು, ಬಚ್ಚಲುಮನೆಯ ಕನ್ನಡಿಯ ಹಿಂದೆ ಅಡಗಿಸಿದ್ದ ಮಾತ್ರೆಗಳನ್ನು ಅಂಗೈಗೆ ಹಾಕಿಕೊಂಡು ಕುಳಿತವನ ಎದುರಿಗೆ ಕಡ್ಡಿ ಬಂದು ನಿಲ್ಲುತ್ತಾಳೆ. ಇದೂ ಭ್ರಮೆಯೋ ಎಂದು ಅವನು ಹೆದರುತ್ತಾನೆ. ಅವನೊಡನೆ ನಾವೂ ಹೆದರುತ್ತೇವೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಪರಿಪಕ್ವವಾದ ಸನ್ನಿವೇಶವನ್ನು ನಾನು ಕಾಣೆ.

ಏಳನೆಯ ಸರಣಿಯ ಮೊದಲ ಕಂತಿನ ಹೆಸರು 'ಈಗೇನು?' ಎಂದು. ಪ್ರಶ್ನೆ ಪಾತ್ರಗಳದ್ದಷ್ಟೇ ಅಲ್ಲ, ಬರೆಯುವವರದೂ ಹೌದು. ಕೂಡಿದ ಮೇಲೆ ಕಥೆ ಮುಗಿಯಿತು, ಆದ್ದರಿಂದ ಕೂಡಿಸಬಾರದು ಎಂಬುದು ಧಾರಾವಾಹಿಕಾರರ ಹಳೆಯ ನಂಬಿಕೆ. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳನ್ನು ಒದಗಿಸಬೇಕಾದವರಿಗೆ ವಿರಹ ಖರ್ಚಾಗದ ಬಂಡವಾಳ. ಆದರೆ ಈ ನಂಬಿಕೆ ನಿಜವೇ? ಉತ್ತರರಾಮಚರಿತದ ಮೊದಲನೆಯ ಅಂಕವನ್ನು ನೆನೆಯಿರಿ. ಮದುವೆಯಾಗಿ, ಕಾಡು ಕಳೆದು, ಯುದ್ಧ ಮುಗಿದು, ಪಟ್ಟವೂ ಆಗಿದೆ. ಗಂಡಹೆಂಡಿರು ತಮ್ಮ ಹಿಂದಿನ ಬಾಳಿನ ಚಿತ್ರಗಳನ್ನು ನೋಡುತ್ತಾರೆ. ದಣಿದ ಸೀತೆ ರಾಮನ ತೋಳನ್ನೇ ದಿಂಬು ಮಾಡಿಕೊಂಡು ಮಲಗುತ್ತಾಳೆ. ಸಂಸ್ಕೃತ ಸಾಹಿತ್ಯದ ಅತ್ಯಂತ ಕೋಮಲವಾದ ಶೃಂಗಾರ ಅದು. ಅಲ್ಲಿರುವುದು ಹೊಸ ಪ್ರೇಮಿಗಳಲ್ಲ, ಹಳೆಯ ದಂಪತಿಗಳು. ದುರ್ಮುಖ ಜನಾಪವಾದದ ಸುದ್ದಿ ತರುವುದು ಆ ನಿದ್ರೆಯ ನಡುವೆ. ಮೊದಲು ಆ ಸಂಸಾರದ ರುಚಿಯನ್ನು ತೋರಿಸಿದ್ದರಿಂದಲೇ ಮುಂದಿನ ಕರುಣಕ್ಕೆ ಅಷ್ಟು ಬಲ. ಕೂಟದಲ್ಲಿ ಕಥೆ ಸಾಯುವುದಿಲ್ಲ. ಕೂಟವನ್ನು ಬರೆಯಲು ಬಾರದವನ ಕೈಯಲ್ಲಿ ಸಾಯುತ್ತದೆ.

'ಹೌಸ್' ಬರೆದವರಿಗೆ ಅದು ಬಾರದೆ ಇರಲಿಲ್ಲ. ಕಡ್ಡಿಯ ಪುಟ್ಟ ಮಗಳನ್ನು ನೋಡಿಕೊಳ್ಳಲು ಕುಳಿತ ಹೌಸ್, ಅವಳು ನಾಣ್ಯ ನುಂಗಿದಳೆಂದು ಗಾಬರಿಗೊಂಡು, ತಾಯಿಗೆ ತಿಳಿಯದಂತೆ ಪಡುವ ಪಾಡು ಒಳ್ಳೆಯ ಪ್ರಹಸನ. ಅದಕ್ಕಿಂತ ದೊಡ್ಡದು 2011ರ ಫೆಬ್ರವರಿ 28ರ ಕಂತು. ರೋಗಿಯೊಬ್ಬ ಸತ್ತಿದ್ದಾನೆ. ಕುಡಿದು ಬಂದ ಹೌಸ್, ಸುಖ ತನ್ನನ್ನು ಕೀಳು ವೈದ್ಯನನ್ನಾಗಿ ಮಾಡಿದೆ, ಇದರಿಂದ ಇನ್ನೂ ಜನ ಸಾಯಬಹುದು, ಆದರೂ ತಾನು ಆರಿಸಿಕೊಳ್ಳುವುದು ಅವಳನ್ನೇ ಎಂದು ಹೇಳುತ್ತಾನೆ. ಎಂಥ ಮಾತು! ಒಬ್ಬನ ಸುಖಕ್ಕೆ ಮತ್ತೊಬ್ಬರ ಪ್ರಾಣ ಬೆಲೆಯಾದರೆ ಆ ಪ್ರೀತಿಯನ್ನು ಏನೆನ್ನಬೇಕು? ಆಸ್ಪತ್ರೆಯ ಹೊಣೆ ಹೊತ್ತ ಕಡ್ಡಿ ಅದಕ್ಕೆ ಏನು ಉತ್ತರ ಕೊಟ್ಟಾಳು? ಪ್ರೇಮ ಮತ್ತು ವೃತ್ತಿಧರ್ಮಗಳ ಈ ಸಂಘರ್ಷ ವೈದ್ಯರ ಕಥೆಯಲ್ಲಿ ಮಾತ್ರ ಇಷ್ಟು ತೀಕ್ಷ್ಣವಾಗಿ ಹುಟ್ಟಬಲ್ಲದು. ಇದೊಂದನ್ನೇ ಹಿಡಿದು ಒಂದು ಸರಣಿಯನ್ನು ಬೆಳೆಸಬಹುದಿತ್ತು.

ಆದರೆ ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 7ರಂದು, ಇಬ್ಬರೂ ಬೇರೆಯಾದರು. ಮೂತ್ರದಲ್ಲಿ ರಕ್ತ ಕಂಡ ಕಡ್ಡಿಗೆ ಮೂತ್ರಪಿಂಡದ ಕ್ಯಾನ್ಸರಿನ ಭಯ. ಹೌಸ್ ಅವಳ ಹತ್ತಿರ ಬರಲಾರ. ತಡವಾಗಿ ಬಂದು ಹಾಸಿಗೆಯ ಬಳಿ ಕೂರುತ್ತಾನೆ. ಗಂಟು ಅಪಾಯದ್ದಲ್ಲವೆಂದು ಗೊತ್ತಾಗುತ್ತದೆ. ಆದರೆ ಅವಳ ಬಳಿ ಕೂರುವ ಧೈರ್ಯಕ್ಕಾಗಿಯೇ ಅವನು ಮತ್ತೆ ಮಾತ್ರೆ ನುಂಗಿದ್ದನೆಂದು ಅವಳಿಗೆ ಹೊಳೆಯುತ್ತದೆ. ಇಲ್ಲಿ ನಾನು ನನ್ನ ವಿದ್ಯಾರ್ಥಿನಿಯ ಪಕ್ಷವನ್ನು ಬಿಡಬೇಕಾಗಿದೆ. ಈ ಅಗಲಿಕೆ ಅನ್ಯಾಯವಲ್ಲ. ಪ್ರಿಯಳ ನೋವನ್ನು ಹಂಚಿಕೊಳ್ಳಲು ಮೊದಲು ತನ್ನ ನೋವನ್ನು ಮರೆಸಿಕೊಳ್ಳಬೇಕಾದ ಮನುಷ್ಯ ಅವನು. ಏಳು ವರ್ಷಗಳಿಂದ ನಾವು ಕಂಡ ಹೌಸ್ ಅವನೇ. ಹಾಗೆ ಬಂದವನು ಬಂದಂತಾಗಲಿಲ್ಲವೆಂದು ತಿಳಿಯುವ ಕಡ್ಡಿಯೂ ನಾವು ಬಲ್ಲ ಕಡ್ಡಿಯೇ. ಅವಸರವಾಯಿತೆನ್ನಬಹುದು; ಪಾತ್ರಕ್ಕೆ ಅಪಚಾರವಾಯಿತೆನ್ನಲಾಗದು.

ಅಪಚಾರವಾದದ್ದು ಮೇ 23ರಂದು, ಸರಣಿಯ ಕೊನೆಯ ಕಂತಿನಲ್ಲಿ. ಅವಳು ಬಿಟ್ಟುಹೋಗಿದ್ದ ಕೂದಲ ಬ್ರಷ್ಷನ್ನು ಹಿಂದಿರುಗಿಸಲು ಹೋದ ಹೌಸ್, ಕಿಟಕಿಯಾಚೆ ಅವಳ ಊಟದ ಮೇಜಿನಲ್ಲಿ ಇನ್ನೊಬ್ಬ ಗಂಡಸನ್ನು ಕಾಣುತ್ತಾನೆ. ತನ್ನ ಕಾರನ್ನು ನೇರವಾಗಿ ಆ ಊಟದ ಕೋಣೆಗೆ ನುಗ್ಗಿಸುತ್ತಾನೆ. ಒಡೆದ ಗೋಡೆಯ ನಡುವೆ ಇಳಿದು, ಬ್ರಷ್ಷನ್ನು ಅವಳ ಕೈಗಿತ್ತು ಹೊರಟುಹೋಗುತ್ತಾನೆ. ನಮಗೆ ಕೊನೆಯಲ್ಲಿ ಕಾಣುವುದು ಕಡಲತೀರದಲ್ಲಿ ಹಗುರವಾಗಿ ನಡೆಯುತ್ತಿರುವ ನಾಯಕ. ಒಬ್ಬ ಹೆಂಗಸಿನ ಮನೆಯನ್ನು ಒಡೆದವನ ಬಿಡುಗಡೆಯನ್ನು ನಾವು ಮೆಚ್ಚಬೇಕೆಂದು ದೃಶ್ಯ ಕೇಳುತ್ತದೆ! ರಸಭಂಗದ ಮೂಲವನ್ನು ಆನಂದವರ್ಧನ ಅನೌಚಿತ್ಯದಲ್ಲಿ ಕಂಡನು. ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ತರಗತಿಗೆ ಒದಗಿಸುವುದು ಕಷ್ಟ. ಎಡೆಲ್‌ಸ್ಟೀನ್ ಎಂಟನೆಯ ಸರಣಿಗೆ ಮರಳಲಿಲ್ಲ. ಆದ್ದರಿಂದ ಆ ಕೃತ್ಯಕ್ಕೆ ಕಡ್ಡಿಯ ಉತ್ತರವೇನೆಂಬುದು ಎಂದೆಂದಿಗೂ ಕೇಳಿಬರಲಿಲ್ಲ. ಹೌಸ್ ಸೆರೆಮನೆಗೆ ಹೋದ, ಹೊರಬಂದ. ಸತ್ತನೆಂದು ಲೋಕವನ್ನು ನಂಬಿಸಿ, ಸಾವು ಹತ್ತಿರವಾದ ವಿಲ್ಸನ್ನನೊಡನೆ ಮೋಟಾರ್ ಸೈಕಲ್ ಏರಿ ಹೋದ. ಅದು ಚೆಲುವಾದ ಮುಕ್ತಾಯ. ಆದರೆ ಅವನ ಶವಸಂಸ್ಕಾರಕ್ಕೆ ಬಂದವರಲ್ಲಿ ಕಡ್ಡಿ ಇಲ್ಲ.

ಬೇರೆ ದಾರಿ ಇತ್ತೆಂಬುದಕ್ಕೆ ಇನ್ನೊಂದು ಆಸ್ಪತ್ರೆಯ ಕಥೆಯೇ ಸಾಕ್ಷಿ. ಷಿಕಾಗೋ ನಗರದ ತುರ್ತು ಚಿಕಿತ್ಸಾ ವಿಭಾಗವನ್ನು ಕುರಿತ 'ಇ.ಆರ್.' ಧಾರಾವಾಹಿಯಲ್ಲಿ (1994-2009) ಕ್ಯಾರಲ್ ಹ್ಯಾಥವೇ ಎಂಬ ನರ್ಸು ಮೊದಲ ಕಂತಿನಲ್ಲೇ ಆತ್ಮಹತ್ಯೆಯಿಂದ ಸಾಯಬೇಕಾಗಿತ್ತು. ಮೊದಲು ನೋಡಿದವರಿಗೆ ಅವಳು ಹಿಡಿಸಿದ್ದರಿಂದ ಬದುಕಿಕೊಂಡಳು. ಅವಳ ಪ್ರಿಯ ಡಾಕ್ಟರ್ ಡಗ್ ರಾಸ್. ಆ ಪಾತ್ರದ ಜಾರ್ಜ್ ಕ್ಲೂನಿ 1999ರಲ್ಲಿ ಧಾರಾವಾಹಿಯನ್ನು ಬಿಟ್ಟಾಗ ವಿರಹಕ್ಕೆ ಹೊರಗಿನ ಕಾರಣವೇ ಒದಗಿತು. 2000ದ ಮೇ ತಿಂಗಳಲ್ಲಿ ಕ್ಯಾರಲ್ ಸಿಯಾಟಲಿಗೆ ಹೋಗಿ ಅವನನ್ನು ಸೇರಿದಳು. ಕ್ಲೂನಿ ಒಂದು ಗಳಿಗೆಗಾಗಿ ಗುಟ್ಟಾಗಿ ಬಂದು ಆ ದೃಶ್ಯವನ್ನು ನಡೆಸಿಕೊಟ್ಟ. ನನಗೆ ಹೆಚ್ಚು ಹಿಡಿಸಿದ್ದು 2009ರ ಮಾರ್ಚಿನ ಒಂದು ಕಂತು. ಅಲ್ಲಿ ಇಬ್ಬರೂ ದಂಪತಿಗಳಾಗಿ, ಸತ್ತ ಹುಡುಗನೊಬ್ಬನ ಅಂಗಗಳನ್ನು ದಾನಕ್ಕೆ ಒಪ್ಪಿಸುವ ಕಷ್ಟದ ಕೆಲಸದಲ್ಲಿ ಜೊತೆಯಾಗಿದ್ದಾರೆ. ಅವರು ಕಳಿಸಿದ ಮೂತ್ರಪಿಂಡ ತಮ್ಮ ಹಳೆಯ ಸಹೋದ್ಯೋಗಿ ಕಾರ್ಟರನಿಗೇ ಸೇರಿತೆಂದು ಅವರಿಗೆ ತಿಳಿಯುವುದೇ ಇಲ್ಲ, ನಮಗೆ ತಿಳಿಯುತ್ತದೆ. ಒಂದು ಸಂಸಾರದ ಸಾರ್ಥಕತೆ ಅಲ್ಲಿ ಕಂಡಿದೆ.

ಹಟಹಿಡಿದ ಪ್ರೇಕ್ಷಕರಲ್ಲಿ ದೋಷವಿಲ್ಲವೆಂದಲ್ಲ. ಮೊದಲೇ ಪಕ್ಷ ಕಟ್ಟಿಕೊಂಡವನಿಗೆ ತನ್ನ ಜೋಡಿಯಿಲ್ಲದ ದೃಶ್ಯಗಳೆಲ್ಲ ಸಪ್ಪೆ. ಎದುರುಪಕ್ಷದ ನಾಯಿಕೆಯಲ್ಲಿ ಒಂದು ಗುಣವೂ ಕಾಣದು. ರೋಗಿಗಳ ಸಾವುನೋವು ಅವನಿಗೆ ಪ್ರಣಯದ ಹಿನ್ನೆಲೆಯಾಗಿಬಿಡುತ್ತದೆ. ಟೇಟನ 'ಲಿಯರ್' ನಮಗೆ ಹೇಳುವ ಎಚ್ಚರವೂ ಇದೇ: ಸೇರಿಸಿದ ಮಾತ್ರಕ್ಕೆ ಕೃತಿ ಗೆಲ್ಲುವುದಿಲ್ಲ.

ಆದರೆ ಅವರ ಕೇಳಿಕೆಯ ತಿರುಳು ಮದುವೆಯ ಊಟವಲ್ಲ. ನೀವೇ ಹುಟ್ಟಿಸಿದ ಪ್ರೀತಿಯನ್ನು ನೀವೇ ಕೊನೆಯವರೆಗೆ ಆಲೋಚಿಸಿ ಎಂಬುದು ಅವರ ಕೇಳಿಕೆ. ಸೇರಿಸಿದರೆ ಸೇರಿದವರಾಗಿ ಬಾಳಿಸಿ. ಅಗಲಿಸಿದರೆ ಅಗಲಿಕೆಗೆ ಇಬ್ಬರ ಬಾಯಲ್ಲೂ ಮಾತು ಕೊಡಿ. ಇದು ಅಭಿಮಾನಿಯ ಹಟವಲ್ಲ, ವಿಮರ್ಶೆಯ ಮಾತು. ನನ್ನ ವಿದ್ಯಾರ್ಥಿನಿಯ ಉತ್ತರಕ್ಕೆ ಅಂದು ಅಂಕ ಕೊಡಲಿಲ್ಲ. ಈಗ ಕೊಡುತ್ತೇನೆ, ಒಂದು ತಿದ್ದುಪಡಿಯೊಡನೆ: ಅದು ವಿಪ್ರಲಂಭಕ್ಕೆ ಉದಾಹರಣೆ 2010ರ ಮೇ ತಿಂಗಳವರೆಗೆ ಮಾತ್ರ. ಅಲ್ಲಿಂದ ಒಂದು ವರ್ಷ ದಾಟಿ ಕಾರು ಗೋಡೆಯನ್ನು ಒಡೆದ ಮೇಲೆ ಉಳಿಯುವುದು ವಿರಹವಲ್ಲ, ಬರೆದವರು ತೀರಿಸದೆ ಬಿಟ್ಟ ಸಾಲ.