ಹಳೆಯ ಹೆಸರು, ಹೊಸ ಲೆಕ್ಕ: ಮೆದುಳಿನ ಗಡ್ಡೆಗಳ ವರ್ಗೀಕರಣವನ್ನು ಕುರಿತು

ಇಂದಿರಾನಗರವನ್ನು 1950ರ ದಾಖಲೆಗಳಲ್ಲಿ ಹುಡುಕುವವನಿಗೆ ಆ ಹೆಸರು ದೊರೆಯದು, ಬಿನ್ನಮಂಗಲವೆಂದು ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪರಿಷ್ಕರಿಸಿ, 2021ರಲ್ಲಿ ಐದನೆಯ ಆವೃತ್ತಿಯಾಗಿ ಹೊರತಂದ ಮೆದುಳಿನ ಗಡ್ಡೆಗಳ ವರ್ಗೀಕರಣವನ್ನು ನೋಡುವಾಗ ಈ ಸಂಗತಿಯೇ ನಮಗೆ ನೆನಪಾಯಿತು. ವೈದ್ಯವು ನಮ್ಮ ಶಾಸ್ತ್ರವಲ್ಲ. ಹೆಸರು ಬದಲಾದ ಮೇಲೆ ಹಳೆಯ ದಾಖಲೆಯನ್ನು ಓದುವುದು ಮಾತ್ರ ನಮ್ಮ ಕೆಲಸವೂ ಹೌದು.

1926ರಲ್ಲಿ ಅಮೆರಿಕದ ಬೇಲಿ ಮತ್ತು ಕುಷಿಂಗ್ ಅವರು ಗ್ಲಯೋಮಾ ಗಡ್ಡೆಗಳನ್ನು ಜೀವಕೋಶಗಳ ರೂಪವನ್ನು ನೋಡಿ ವಿಂಗಡಿಸಿದರು. ಮುಂದೆ ಬಹುಕಾಲ ಸೂಕ್ಷ್ಮದರ್ಶಕವೇ ಪ್ರಮಾಣವಾಗಿತ್ತು. ಆಲಿಗೊಡೆಂಡ್ರೊಗ್ಲಯೋಮಾ ಎಂಬ ಬಗೆಯಲ್ಲಿ ಒಂದನೆಯ ವರ್ಣತಂತುವಿನ, ಎಂದರೆ ಕ್ರೋಮೊಸೋಮಿನ, ಗಿಡ್ಡ ತೋಳೂ ಹತ್ತೊಂಬತ್ತನೆಯದರ ಉದ್ದ ತೋಳೂ ಜೋಡಿಯಲ್ಲಿ ಒಂದೊಂದು ಲೋಪವಾಗಿರುವುದು 1990ರ ದಶಕದಲ್ಲಿ ತಿಳಿದುಬಂದಿತು. 2016ರಿಂದ ಈ ಜೋಡಿ ಲೋಪವೂ ಐ.ಡಿ.ಎಚ್. ಜೀನಿನ ವಿಕೃತಿಯೂ ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಮಿಶ್ರ ಗಡ್ಡೆಯೆಂದು ಕರೆಯಲ್ಪಡುತ್ತಿದ್ದ ಆಲಿಗೊಆಸ್ಟ್ರೊಸೈಟೋಮಾ ಬಹುಮಟ್ಟಿಗೆ ಕಣ್ಮರೆಯಾಯಿತು.

ಇದನ್ನು ಬರಿಯ ಹೆಸರಿನ ಜಗಳವೆನ್ನಲಾಗದು. 1994ರಲ್ಲಿ ಆರಂಭವಾಗಿ 2013ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ, 291 ರೋಗಿಗಳನ್ನೊಳಗೊಂಡ ಒಂದು ಪ್ರಯೋಗವನ್ನು ನೋಡಬಹುದು. ವಿಕಿರಣ ಚಿಕಿತ್ಸೆಯೊಡನೆ ಔಷಧಿಯನ್ನೂ ಪಡೆದವರ ಮಧ್ಯಮ ಆಯುಸ್ಸು 4.6 ವರ್ಷ, ವಿಕಿರಣವನ್ನು ಮಾತ್ರ ಪಡೆದವರದು 4.7, ಔಷಧಿ ನಿಷ್ಫಲವೆಂದೇ ತೋರುತ್ತಿತ್ತು. ಜೋಡಿ ಲೋಪವುಳ್ಳವರನ್ನು ಬೇರ್ಪಡಿಸಿ ಎಣಿಸಿದಾಗ ಅದೇ ಸಂಖ್ಯೆಗಳು 14.7 ಮತ್ತು 7.3 ಆದುವು! ರೋಗಿಗಳು ಅವರೇ, ಚಿಕಿತ್ಸೆಯೂ ಅದೇ, ವಿಂಗಡಣೆಯೊಂದೇ ಬೇರೆ.

ಆದುದರಿಂದ ಹೊಸ ನಿಯಮದಲ್ಲಿ ನಮಗೆ ಆಕ್ಷೇಪವಿಲ್ಲ. ಪರೀಕ್ಷೆ ನಡೆಯದ ಗಡ್ಡೆಗೆ ‘ಎನ್.ಒ.ಎಸ್.’ ಎಂಬ ಗುರುತನ್ನು ಹಚ್ಚಬೇಕೆಂಬ ಪ್ರಾಮಾಣಿಕತೆಯೂ ಮೆಚ್ಚತಕ್ಕದ್ದೇ. ಇಷ್ಟು ಸಂಕೋಚ ನಮ್ಮ ಶಾಸನ ಸಂಪಾದಕರಲ್ಲೂ ಎಲ್ಲ ಕಡೆ ಕಾಣದು. ನಮ್ಮ ಆತಂಕವೆಲ್ಲ ಲೆಕ್ಕ ಬರೆಯುವವರನ್ನು ಕುರಿತದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆದಿದೆ. ನಿಮ್ಹಾನ್ಸ್ 1974ರಿಂದ ಇದೆ. ಇಂತಹ ಕಡೆಗಳ ದಾಖಲೆಗಳು ಎರಡು ಹೆಸರಿನ ಕಾಲಗಳನ್ನೂ ಒಳಗೊಳ್ಳುತ್ತವೆ. ಆ ಮೂರು ಅಕ್ಷರಗಳನ್ನು ಕೈಬಿಟ್ಟು ಎಲ್ಲವನ್ನೂ ಒಂದೇ ಅಂಕಣದಲ್ಲಿ ಕೂಡಿಸಿದರೆ, ಮಿಶ್ರ ಗಡ್ಡೆಯ ರೋಗವೇ ಇಳಿಮುಖವಾಯಿತೆಂದು ಮುಂದಿನ ಚರಿತ್ರಕಾರನು ಬರೆದಾನು.

ಮೇಣದ ಅಚ್ಚಿನಲ್ಲಿ ಅಂಗಾಂಶ ಉಳಿದಿದ್ದರೆ ಎಷ್ಟೋ ಸಂದರ್ಭಗಳಲ್ಲಿ ಮರುಪರೀಕ್ಷೆ ಸಾಧ್ಯ. ಉಳಿಯದಿದ್ದಲ್ಲಿ ಹಳೆಯ ಹೆಸರನ್ನು ತಿದ್ದದೆ, ವರ್ಷದೊಡನೆ ಇದ್ದಂತೆಯೇ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ.