ಬಳ್ಳಿಗಾವೆಯನ್ನು ‘ನಮ್ಮ ಟ್ರಾಯ್’ ಅನ್ನಬಹುದೆ?

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆಗೆ ಹೋದವರಿಗೆ ಟ್ರಾಯ್ ನೆನಪಾದರೆ ಆಶ್ಚರ್ಯವಿಲ್ಲ. ಶಾಸನಗಳು ‘ರಾಜಧಾನಿ’ ಎಂದು ಕರೆದ ಪಟ್ಟಣ ಈಗ ಹಳ್ಳಿ. ಆದರೂ ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗಲ್ಲ.

ಟ್ರಾಯ್ ಬಿದ್ದ ಕಥೆ ‘ಇಲಿಯಡ್’ನಲ್ಲಿ ಇಲ್ಲವೇ ಇಲ್ಲ. ಹೆಕ್ಟರನ ಅಂತ್ಯಸಂಸ್ಕಾರಕ್ಕೆ ಕಾವ್ಯ ಮುಗಿಯುತ್ತೆ. ಮರದ ಕುದುರೆಯ ಪ್ರಸಂಗ ಬರೋದು ‘ಒಡಿಸ್ಸಿ’ಯಲ್ಲಿ, ಒಬ್ಬ ಗಾಯಕನ ಹಾಡಾಗಿ. ‘ಇಲಿಯಡ್’ ತೋರಿಸೋದು ಇನ್ನೂ ಬದುಕಿರುವ ಊರನ್ನು. ಅಕಿಲೀಸ್ ಹೆಕ್ಟರನನ್ನು ಕೋಟೆ ಸುತ್ತ ಅಟ್ಟಿಸಿಕೊಂಡು ಹೋಗುವಾಗ, ಯುದ್ಧಕ್ಕೆ ಮುಂಚೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿಗಳ ಕಡೆ ಕವಿ ನಮ್ಮ ಕಣ್ಣು ತಿರುಗಿಸುತ್ತಾನೆ. ಊರು ಉಳಿಯಲ್ಲ ಅಂತ ಕೇಳುಗರಿಗೆ ಗೊತ್ತು. ಹೆಕ್ಟರನಿಗೂ ಗೊತ್ತು, ಹೆಂಡತಿಯ ಹತ್ತಿರ ಅವನೇ ಹೇಳಿಕೊಂಡಿದ್ದಾನೆ. ಅದಕ್ಕೇ ಆ ತೊಟ್ಟಿಗಳು ಕರುಳು ಹಿಂಡುತ್ತವೆ.

ಇಂಥ ವಿವರಗಳಿಗೆ ಬಳ್ಳಿಗಾವೆಯಲ್ಲೂ ಬರವಿಲ್ಲ. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದ 1162ರ ಶಾಸನ ನೋಡಿ: ವೇದ, ವ್ಯಾಕರಣ, ನ್ಯಾಯದ ಜೊತೆಗೆ ಬೌದ್ಧ ದರ್ಶನವನ್ನೂ ಓದುವ ಜಾಗ, ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧ. ಆದರೆ ಇದನ್ನು ಕೊರೆಸಿದವರಿಗೆ ಮುಂದಿನದ್ದು ಗೊತ್ತಿರಲಿಲ್ಲ. ದಾನಶಾಸನದ ಲೆಕ್ಕವೇ ಸೂರ್ಯಚಂದ್ರರಿರುವವರೆಗೆ. ಊರು ಕುಗ್ಗಿದ್ದು ಓದುವ ನಮಗೆ ಮಾತ್ರ ಗೊತ್ತು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಬಳ್ಳಿಗಾವೆಯವನು. 15ನೇ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಅದೇ ಮದ್ದಳೆಕಾರನನ್ನು ಬನವಾಸಿಗೆ ಕರೆದೊಯ್ದ. ಕಾವ್ಯ ಊರನ್ನೇ ಬದಲಿಸಿಬಿಡ್ತು! ಗ್ರೀಕರ ಕಾವ್ಯ ಮಾತ್ರ ಟ್ರಾಯ್‌ನ ಕೈಬಿಡಲಿಲ್ಲ. 1870ರ ದಶಕದಲ್ಲಿ ಶ್ಲೀಮನ್ ಹಿಸಾರ್ಲಿಕ್ ದಿಬ್ಬ ಅಗೆದದ್ದೂ ಹೋಮರನನ್ನು ನಂಬಿಯೇ. ಅಲ್ಲಿ ಕಾವ್ಯ ಮೊದಲು ಉಳಿಯಿತು, ಕಲ್ಲು ಆಮೇಲೆ ಸಿಕ್ಕಿತು. ಇಲ್ಲಿ ಉಳಿದಿರೋದು ಕಲ್ಲು. ಅದು ಸವೆದುಹೋದರೆ ಕೋಡಿಯ ಮಠದಲ್ಲಿ ಯಾರಿಗೆ ಊಟ ಹಾಕುತ್ತಿದ್ದರು ಅಂತ ಹೇಳೋ ಹೋಮರ್ ನಮಗಿಲ್ಲ.

ರೈಸ್ ಅವರು 1902ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಅಚ್ಚು ಮಾಡಿಸಿದ್ದಾರೆ. ಹಾಗಾಗಿ ಪಾಠ ಸಿಗಲ್ಲ ಅನ್ನೋ ನೆಪ ನಮಗಿಲ್ಲ. ಮುಂದಿನ ಸಲ ಗಂಡಭೇರುಂಡ ಸ್ತಂಭದ ಫೋಟೋ ತೆಗೆಯೋ ಮುಂಚೆ ಅದರ ನಾಲ್ಕು ಪುಟ ಓದಿಕೊಂಡು ಹೋಗಿ. ಟ್ರಾಯ್ ಹೆಸರಿನ ಹಂಗಿಲ್ಲದೆ ಬಳ್ಳಿಗಾವೆ ತನ್ನ ಕಥೆ ತಾನೇ ಹೇಳುತ್ತೆ.